ಕೂಡಿ ನಡೆದವರೆಲ್ಲ ಕೂಡಿದವರೇ?

ಬಹುಕಾಲ ಬೇರೆಯಾಗಿ ಬಾಳಿದ ಎರಡು ಧರ್ಮಸಭೆಗಳನ್ನು ಹತ್ತಿರ ತರಲು ಪಂಡಿತರ ವಾದ, ಸಮಿತಿಗಳ ಸಭೆ, ಒಪ್ಪಂದದ ಪತ್ರ ಇವೆಲ್ಲಕ್ಕಿಂತ ಎರಡೂ ಕಡೆಯ ಜನ ಜೊತೆಯಾಗಿ ಕೈಗೊಳ್ಳುವ ದೀರ್ಘ ಪಾದಯಾತ್ರೆಯೇ ಮೇಲಾದ ದಾರಿ ಎಂಬ ನಂಬಿಕೆ ಇಂದು ಕ್ರೈಸ್ತ ಲೋಕದಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಲೂಥರನ್ ಮತ್ತು ಕಥೋಲಿಕ ಸಭೆಗಳ ಐಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದ ಇಂಥ ಯಾತ್ರೆಗಳಲ್ಲಿ 2010ರದು ಗಮನಾರ್ಹವಾದದ್ದು. ಆ ವರ್ಷ ಲೂಥರನ್ ಪಾದ್ರಿ ಸಾರಾ ಹಿಂಲಿಕಿ ವಿಲ್ಸನ್ ಮತ್ತು ಅವರ ಪತಿ, ಚರ್ಚಿನ ಇತಿಹಾಸಕಾರರಾದ ಆ್ಯಂಡ್ರ್ಯೂ ವಿಲ್ಸನ್, ಜರ್ಮನಿಯ ಎರ್ಫರ್ಟ್ ನಗರದಿಂದ ಹೊರಟು ಆಲ್ಪ್ಸ್ ಪರ್ವತಗಳನ್ನು ದಾಟಿ ಸುಮಾರು ಸಾವಿರ ಮೈಲಿ ನಡೆದು ರೋಮ್ ತಲುಪಿದರು. ಅದಕ್ಕೆ ಐನೂರು ವರ್ಷಗಳ ಹಿಂದೆ, ಇನ್ನೂ ರೋಮಿನ ವಿಧೇಯ ಸಂನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ ತನ್ನ ಮಠದ ಕೆಲಸಕ್ಕಾಗಿ ನಡೆದುಹೋದನೆಂದು ಪರಂಪರೆ ಹೇಳುವ ದಾರಿಯನ್ನೇ ಅವರು ಆರಿಸಿಕೊಂಡಿದ್ದರು. 2013ರಲ್ಲಿ ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಸೇರಿದ ಜಾಗತಿಕ ಚರ್ಚುಗಳ ಪರಿಷತ್ತು ತನ್ನ ಸದಸ್ಯ ಸಭೆಗಳಿಗೆಲ್ಲ ನ್ಯಾಯ ಮತ್ತು ಶಾಂತಿಯ 'ಯಾತ್ರೆ'ಗೆ ಕರೆಕೊಟ್ಟ ಮೇಲಂತೂ, ಬೇರೆ ಬೇರೆ ಪಂಗಡಗಳ ಕ್ರೈಸ್ತರನ್ನು ಒಂದುಗೂಡಿಸುವ ಪ್ರಯತ್ನಕ್ಕೆ, ಅಂದರೆ ಐಕ್ಯ ಚಳವಳಿಗೆ, ನಡಿಗೆಯೇ ಮುಖ್ಯ ರೂಪಕವಾಯಿತು.

ಈ ನಂಬಿಕೆಯ ಹಿಂದಿರುವ ವಿಚಾರವನ್ನು ಅದರ ಪೂರ್ಣ ಬಲದೊಡನೆ ಮಂಡಿಸುವುದು ನ್ಯಾಯ. ಅದರ ಪ್ರಕಾರ ಈ ಎರಡು ಸಭೆಗಳ ನಡುವಣ ಹದಿನಾರನೆಯ ಶತಮಾನದ ಒಡಕು ಹುಟ್ಟಿದ್ದು ವಿದ್ವಾಂಸರ ತತ್ತ್ವಜಗಳದಲ್ಲಿ. ಸಾಮಾನ್ಯ ಭಕ್ತರಿಗೆ ಅದರ ಸೂಕ್ಷ್ಮಗಳು ಅಂದೂ ತಿಳಿದಿರಲಿಲ್ಲ, ಇಂದೂ ತಿಳಿದಿಲ್ಲ. ಆದ್ದರಿಂದ ಆ ಭಕ್ತರೇ ಒಟ್ಟಿಗೆ ದಾರಿ ಹಿಡಿದು, ಒಂದೇ ಬಿಸಿಲಲ್ಲಿ ಬೆಂದು, ಒಂದೇ ಛತ್ರದಲ್ಲಿ ಮಲಗಿ ಎದ್ದರೆ ತಲೆಗಳು ಕಟ್ಟಿದ ಗೋಡೆಯನ್ನು ಕಾಲುಗಳು ಕೆಡವುತ್ತವೆ. ಕನ್ನಡ ನಾಡಿನ ಓದುಗರಿಗೆ ಈ ವಾದ ಹೊರಗಿನದೆಂದು ತೋರುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಗೂ, ಜಾತ್ರೆಯ ಹೊತ್ತಿಗೆ ಕುಣಿಗಲ್ ತಾಲ್ಲೂಕಿನ ಎಡೆಯೂರಿಗೂ ನಡೆದು ಬರುವ ಜನರಲ್ಲಿ ಜಾತಿ, ಊರು, ಅಂತಸ್ತುಗಳ ಬಿಗಿ ದಾರಿಯುದ್ದಕ್ಕೂ ಸಡಿಲವಾಗುವುದನ್ನು ಈ ಭಾಗದವರು ತಲೆಮಾರುಗಳಿಂದ ಕಂಡಿದ್ದಾರೆ. ಬೆಂಗಳೂರಿನ ಕಥೋಲಿಕರಲ್ಲಿ ಸೆಪ್ಟೆಂಬರ್ ಹಬ್ಬಕ್ಕಾಗಿ ವೇಲಾಂಕಣ್ಣಿಗೆ ಕಾವಿ ತೊಟ್ಟು ನಡೆದುಹೋಗುವವರ ಅನುಭವವೂ ಇದೇ. ನಡಿಗೆ ಮನುಷ್ಯನನ್ನು ಸಮಾನನನ್ನಾಗಿಸುತ್ತದೆಂಬುದರಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಈ ಸತ್ಯದಿಂದ ಆ ತೀರ್ಮಾನಕ್ಕೆ ಹಾರುವಾಗ ನಡುವೆ ಹಲವು ಮೆಟ್ಟಿಲುಗಳು ತಪ್ಪಿಹೋಗುತ್ತವೆ, ಮತ್ತು ಹಾಗೆ ತಪ್ಪಿಹೋದದ್ದರ ನಷ್ಟವನ್ನು ಕೊನೆಗೆ ಅನುಭವಿಸುವವರು ಐಕ್ಯವನ್ನು ಮನಸಾರೆ ಬಯಸುವ ಜನರೇ.

ಮೊದಲ ಗೊಂದಲ 'ಐಕ್ಯ' ಎಂಬುದರ ಅರ್ಥವನ್ನು ಬಿಡಿಸಿಕೊಳ್ಳದಿರುವುದರಿಂದ ಬಂದದ್ದು. ಸಭೆಗಳ ಐಕ್ಯವೆಂದಾಗ ಕನಿಷ್ಠ ಮೂರು ಬೇರೆ ಬೇರೆ ಸ್ಥಿತಿಗಳನ್ನು ಉದ್ದೇಶಿಸಲಾಗುತ್ತದೆ:

1. ಸೌಹಾರ್ದ. ಎರಡು ಸಭೆಗಳ ಜನ ಪರಸ್ಪರ ಹಗೆಯಿಲ್ಲದೆ, ಒಬ್ಬರ ಹಬ್ಬ ಮತ್ತು ಸಾವುಗಳಲ್ಲಿ ಇನ್ನೊಬ್ಬರು ಪಾಲ್ಗೊಂಡು ಬಾಳುವುದು.

2. ತತ್ತ್ವದಲ್ಲಿ ಸಮ್ಮತಿ. ಒಡಕಿಗೆ ಕಾರಣವಾದ ಪ್ರಶ್ನೆಗಳಿಗೆ ಎರಡೂ ಕಡೆಯವರು ಒಪ್ಪಬಹುದಾದ ಉತ್ತರ ದೊರೆಯುವುದು.

3. ಪೂರ್ಣ ಸಹಭಾಗಿತ್ವ. ಒಂದು ಸಭೆಯ ದೀಕ್ಷೆ, ಪಾದ್ರಿ ಪದವಿ ಮತ್ತು ರೊಟ್ಟಿ–ದ್ರಾಕ್ಷಾರಸಗಳ ಸಂಸ್ಕಾರವನ್ನು ಇನ್ನೊಂದು ಸಭೆ ತನ್ನದೆಂಬಷ್ಟೇ ಸಹಜವಾಗಿ ಅಂಗೀಕರಿಸಿ, ಇಬ್ಬರೂ ಒಂದೇ ಪೀಠದ ಮುಂದೆ ಮೊಣಕಾಲೂರುವುದು.

ಪಾದಯಾತ್ರೆ ಮೊದಲನೆಯದನ್ನು ಬೆಳೆಸುತ್ತದೆ. ಎರಡನೆಯದನ್ನು ತರುವ ಶಕ್ತಿ ಅದಕ್ಕಿಲ್ಲ. ಮೂರನೆಯದನ್ನಂತೂ ಯಾತ್ರಿಕರು ತಾವಾಗಿ ಘೋಷಿಸಿಕೊಳ್ಳಲಾರರು, ಏಕೆಂದರೆ ಅದನ್ನು ಕೊಡುವ ಮತ್ತು ತಡೆಯುವ ಅಧಿಕಾರ ಯಾತ್ರೆಯ ಹೊರಗಿದೆ. ಪ್ರಚಲಿತ ನಂಬಿಕೆಯ ದೋಷವಿರುವುದು ಒಂದನೆಯದು ಕೈಗೂಡಿದ್ದನ್ನು ತೋರಿಸಿ ಮೂರನೆಯದೂ ಹತ್ತಿರವಾಯಿತೆಂದು ಹೇಳುವುದರಲ್ಲಿ.

ಈ ಪ್ರಶ್ನೆಯನ್ನು ತುಮಕೂರು, ಗುಬ್ಬಿ, ಕುಣಿಗಲ್‌ಗಳ ನೆಲದ ಮೇಲೆ ಇಟ್ಟು ನೋಡಿದರೆ, ಒಡಕು ಯಾರ ನಡುವಿನದೆಂಬ ಎರಡನೆಯ ಗೊಂದಲ ಹೊರಬರುತ್ತದೆ. ಐಕ್ಯಕ್ಕಾಗಿ ಒಂದು ತಂಡ ಕುಣಿಗಲ್ಲಿನಿಂದ ಹೊರಟು ಹೆಬ್ಬೂರು, ಗೂಳೂರುಗಳ ಮೇಲೆ ತುಮಕೂರಿಗೆ ಬಂದು, ಅಲ್ಲಿಂದ ಗುಬ್ಬಿಗೆ ನಡೆಯುವುದೆಂದು ಭಾವಿಸೋಣ. ಎಲ್ಲ ಸೇರಿ ಅರವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಅದರಲ್ಲಿ ನಡೆಯುವ ಕಥೋಲಿಕರು ಯಾರೆಂಬುದು ಸ್ಪಷ್ಟ, ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದೆ. ಲೂಥರನ್ನರು ಯಾರು? ಹೆಸರಿನ ಮಟ್ಟಿಗೆ ಲೂಥರನ್ ಆದ ಪರಂಪರೆ ಈ ಮೂರು ಊರುಗಳಲ್ಲಿ ಬೇರೂರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಲೂಥರನ್ ಮತ್ತು ಸುಧಾರಿತ ಪಂಥಗಳೆರಡರ ಜನರನ್ನೂ ಒಳಗೊಂಡಿತ್ತು. ಕಿಟ್ಟೆಲ್, ಮೋಗ್ಲಿಂಗ್ ಅವರಂಥವರನ್ನು ಕನ್ನಡಕ್ಕೆ ಕೊಟ್ಟ ಆ ಸಂಸ್ಥೆಯ ಕಾರ್ಯಕ್ಷೇತ್ರ ಕರಾವಳಿ, ಕೊಡಗು ಮತ್ತು ಧಾರವಾಡದ ಕಡೆ ಹಬ್ಬಿತು. ಮೈಸೂರು ಸೀಮೆಯ ಈ ಭಾಗಕ್ಕೆ 1830ರ ದಶಕದ ಕೊನೆಯಲ್ಲಿ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಅಲ್ಲಿಯೇ ಕನ್ನಡ ಕಲಿತು, ಆರೋಗ್ಯ ಕೆಟ್ಟು ಬೇಗನೆ ಹಿಂದಿರುಗಿ, ಮೈಸೂರಿನ ಮಿಶನ್ ಕುರಿತ ತಮ್ಮ ಪುಸ್ತಕವನ್ನು 1847ರಲ್ಲಿ ಪ್ರಕಟಿಸಿದರು. ಕುಣಿಗಲ್ಲೂ ಆ ಮಿಶನ್ನಿನ ಆರಂಭದ ಠಾಣೆಗಳಲ್ಲೊಂದು. ಆ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೆ, ಅಂದರೆ ಜನ ರೂಢಿಯಲ್ಲಿ ಸಿ.ಎಸ್.ಐ. ಎನ್ನುವ ಸಂಸ್ಥೆಗೆ ಸೇರಿ, ಇಂದು ಅದರ ಕರ್ನಾಟಕ ಮಧ್ಯ ಸಭಾಪ್ರಾಂತದಲ್ಲಿವೆ.

ಹಾಗಾದರೆ ಲೂಥರನ್–ಕಥೋಲಿಕ ವಿವಾದಕ್ಕೂ ತುಮಕೂರಿಗೂ ಸಂಬಂಧವಿಲ್ಲವೆನ್ನಬಹುದೇ? ಹಾಗೆನ್ನುವುದೂ ಅವಸರದ ಮಾತು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ತನ್ನ ಬಾಳಿನ ತಿರುವೆಂದು ಗುರುತಿಸಿಕೊಂಡ 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಪ್ರಾರ್ಥನಾಕೂಟದಲ್ಲಿ ಓದಲಾಗುತ್ತಿದ್ದುದು ರೋಮಾಪುರದವರಿಗೆ ಪೌಲನು ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿ. ಗುಬ್ಬಿಗೆ ಬಂದ ಬೋಧನೆಯ ಒಂದು ಬೇರು ಹೀಗೆ ಲೂಥರನ ಊರಾದ ವಿಟೆನ್‌ಬರ್ಗಿಗೆ ಹೋಗುತ್ತದೆ. ಇದಕ್ಕಿಂತ ಮುಖ್ಯವಾದ ಕೊಂಡಿ ಇತ್ತೀಚಿನದು. ಲೂಥರನ ಮೂಲ ಪ್ರಶ್ನೆ 'ನೀತೀಕರಣ'ದ್ದು, ಅಂದರೆ ಪಾಪಿಯಾದ ಮನುಷ್ಯ ದೇವರ ಮುಂದೆ ನೀತಿವಂತನೆಂದು ಎಣಿಸಲ್ಪಡುವುದು ತನ್ನ ಪುಣ್ಯಕಾರ್ಯಗಳ ಬಲದಿಂದಲೋ ದೇವರ ಕೃಪೆಯಿಂದಲೋ ಎಂಬುದು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಈ ವಿಷಯದಲ್ಲಿ ತಮ್ಮ ನಡುವಣ ಮೂಲಭೂತ ಸಮ್ಮತಿಯನ್ನು ಬರೆದು ಸಹಿ ಹಾಕಿದವು; 2006ರಲ್ಲಿ ಸೋಲ್ ನಗರದಲ್ಲಿ ಜಾಗತಿಕ ಮೆಥಡಿಸ್ಟ್ ಪರಿಷತ್ತು ಅದಕ್ಕೆ ಸೇರಿತು; 2016ರಲ್ಲಿ ಇಂಗ್ಲೆಂಡಿನ ಸಭೆಯ ಪರಂಪರೆಯವರಾದ ಆಂಗ್ಲಿಕನರು ಅದರ ಸಾರವನ್ನು ಸ್ವಾಗತಿಸಿದರು, 2017ರಲ್ಲಿ ಸುಧಾರಿತ ಸಭೆಗಳೂ ಸೇರಿದವು. ಸಿ.ಎಸ್.ಐ.ಯಲ್ಲಿ ಬೆರೆತಿರುವ ಧಾರೆಗಳ ಜಾಗತಿಕ ಕುಟುಂಬಗಳೆಲ್ಲ ಹೀಗೆ ಒಂದೊಂದು ಬಗೆಯಲ್ಲಿ ಆ ಒಪ್ಪಂದದೊಳಗೆ ಬಂದಿವೆ. ಅಂದರೆ ಗುಬ್ಬಿಯ ವೆಸ್ಲಿಯನ್ ಮನೆತನದ ಭಕ್ತನಿಗೂ ತುಮಕೂರಿನ ಕಥೋಲಿಕ ಭಕ್ತನಿಗೂ ನಡುವೆ ಹದಿನಾರನೆಯ ಶತಮಾನದ ಆ ದೊಡ್ಡ ವಿವಾದ ಇಂದು ಸಭೆಗಳನ್ನು ಒಡೆದಿಡುವ ಕಾರಣವಾಗಿ ಉಳಿದಿಲ್ಲ. ಆ ಸಮ್ಮತಿಯನ್ನು ತಂದದ್ದು ಯಾವ ಯಾತ್ರೆಯೂ ಅಲ್ಲ; ದಶಕಗಳ ಕಾಲ ಒಂದೊಂದು ಪದವನ್ನೂ ತೂಗಿದ ವಿದ್ವಾಂಸರು. ತತ್ತ್ವಚರ್ಚೆ ಒಡೆಯುತ್ತದೆ, ನಡಿಗೆ ಕೂಡಿಸುತ್ತದೆ ಎಂಬ ಸೂತ್ರಕ್ಕೆ ಈ ಒಂದು ಸಂಗತಿಯೇ ಸಾಕಷ್ಟು ಉತ್ತರ.

ಹಾಗಿದ್ದರೂ ಒಡಕು ಉಳಿದಿದೆ. ಎಲ್ಲಿ ಉಳಿದಿದೆಯೆಂಬುದನ್ನು ಭಾವಿಸಿಕೊಂಡ ಆ ಯಾತ್ರೆಯೇ ತೋರಿಸಬಲ್ಲದು. ಬೆಳಗಿನ ಹೊತ್ತು ಹೆಬ್ಬೂರಿನ ದಾರಿಯಲ್ಲಿ ಯಾತ್ರಿಕರೆಲ್ಲ ಸೇರಿ ಕರ್ತನ ಪ್ರಾರ್ಥನೆಯನ್ನು ಹೇಳುತ್ತಾರೆ. ಕೇಡಿನಿಂದ ಬಿಡಿಸೆಂದು ಬೇಡುವ ಸಾಲಿನವರೆಗೆ ದನಿ ಒಂದೇ. ಅಲ್ಲಿಗೆ ಕಥೋಲಿಕರು ನಿಲ್ಲಿಸುತ್ತಾರೆ, ಸಿ.ಎಸ್.ಐ.ಯವರು ರಾಜ್ಯವೂ ಬಲವೂ ಮಹಿಮೆಯೂ ದೇವರದೆಂಬ ಮಾತಿನೊಡನೆ ಮುಂದುವರಿಯುತ್ತಾರೆ. ಇದು ಸಣ್ಣ ಎಡವು, ಒಂದೆರಡು ದಿನಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಹೊಂದಿಕೊಳ್ಳುತ್ತಾರೆ. ಭಾನುವಾರ ಬಂದಾಗಿನ ತೊಡಕು ಹಾಗೆ ಹೊಂದಿಕೊಂಡು ಹೋಗುವಂಥದಲ್ಲ. ಕಥೋಲಿಕರು ಬಲಿಪೂಜೆಯೆಂದೂ ಪರಮಪ್ರಸಾದವೆಂದೂ, ಪ್ರೊಟೆಸ್ಟೆಂಟರು ಪ್ರಭುಭೋಜನವೆಂದೂ ಕರೆಯುವ ಸಂಸ್ಕಾರದ ಹೊತ್ತಿಗೆ, ದಾರಿಯುದ್ದಕ್ಕೂ ಒಂದೇ ಬುತ್ತಿಯನ್ನು ಹಂಚಿಕೊಂಡು ಉಂಡವರು ಎರಡು ಗುಂಪಾಗಬೇಕಾಗುತ್ತದೆ. ಸಿ.ಎಸ್.ಐ. ಬೇರೆ ಸಭೆಗಳ ಪೂರ್ಣಸದಸ್ಯರನ್ನು ತನ್ನ ಪ್ರಭುಭೋಜನಕ್ಕೆ ಸ್ವಾಗತಿಸುತ್ತದೆ. ಕಥೋಲಿಕನು ಅದನ್ನು ಸ್ವೀಕರಿಸುವುದಕ್ಕೆ ಅವನ ಸಭೆಯ ಒಪ್ಪಿಗೆಯಿಲ್ಲ. 1983ರ ಕಥೋಲಿಕ ಸಭಾಸಂಹಿತೆಯ 844ನೆಯ ವಿಧಿ ಪ್ರೊಟೆಸ್ಟೆಂಟರಿಗೆ ಪರಮಪ್ರಸಾದ ಕೊಡುವುದನ್ನು ಮರಣಾಪಾಯ ಅಥವಾ ಅಂಥದೇ ಗಂಭೀರ ಅಗತ್ಯವಿರುವ ಸಂದರ್ಭಗಳಿಗೆ, ಅದೂ ಹಲವು ಷರತ್ತುಗಳೊಡನೆ, ಮಿತಿಗೊಳಿಸುತ್ತದೆ. ಇದರ ಹಿಂದಿನ ಕಾರಣ ಗುರುದೀಕ್ಷೆಯ ಪ್ರಶ್ನೆ: ಕ್ರಿಸ್ತನ ಪ್ರೇಷಿತರಿಂದ ಬಿಷಪರ ಮೂಲಕ ಕಡಿಯದೆ ಬಂದ ಪರಂಪರೆಯಲ್ಲಿ ದೀಕ್ಷೆ ಪಡೆದವನೇ ಈ ಸಂಸ್ಕಾರವನ್ನು ಪೂರ್ಣವಾಗಿ ನಡೆಸಬಲ್ಲನೆಂಬುದು ಕಥೋಲಿಕ ನಿಲುವು, ಮತ್ತು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆ ದೀಕ್ಷೆಗೆ ಕೊರತೆಯಿದೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಐಕ್ಯವನ್ನು ಕುರಿತ ತನ್ನ 1964ರ ಆಜ್ಞಾಪತ್ರದಲ್ಲೇ ಹೇಳಿದೆ. ಸಿ.ಎಸ್.ಐ.ಗೆ ಬಿಷಪರಿದ್ದಾರೆ, ಅವರ ಪರಂಪರೆ ಆಂಗ್ಲಿಕನರಿಂದ ಬಂದದ್ದು. ಆಂಗ್ಲಿಕನ್ ಗುರುದೀಕ್ಷೆಯನ್ನು ಪೋಪ್ ಹದಿಮೂರನೆಯ ಲಿಯೋ 1896ರಲ್ಲಿ ಅಸಿಂಧುವೆಂದು ಸಾರಿದ ತೀರ್ಪು ಇನ್ನೂ ಜಾರಿಯಲ್ಲಿದೆ. ಉಳಿದಿರುವ ಗಂಟು ಇದು. ಎಷ್ಟು ಮೈಲಿ ನಡೆದರೂ ಇದು ತಾನಾಗಿ ಸಡಿಲುವುದಿಲ್ಲ.

ನಡಿಗೆ ಎಲ್ಲರಿಗೂ ಸಮಾನವಾದ, ಪಕ್ಷವಿಲ್ಲದ ಸಾಧನವೆಂಬ ಇನ್ನೊಂದು ಎಣಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ತೀರ್ಥಯಾತ್ರೆ ಲೂಥರನ್ ಮತ್ತು ಕಥೋಲಿಕ ಸಭೆಗಳ ನಡುವೆ ವಿವಾದದ ವಸ್ತುವೇ ಆಗಿತ್ತು. ರೋಮಿಗೆ ಹೋದ ಲೂಥರ್ ಅಲ್ಲಿನ ಪವಿತ್ರ ಸೋಪಾನವನ್ನು, ಒಂದೊಂದು ಮೆಟ್ಟಿಲಿಗೂ ಪ್ರಾರ್ಥನೆ ಹೇಳುತ್ತ, ತನ್ನ ಅಜ್ಜನ ಆತ್ಮಕ್ಕೆ ಸದ್ಗತಿ ದೊರೆಯಲೆಂದು ಮೊಣಕಾಲಲ್ಲಿ ಹತ್ತಿದ್ದನ್ನೂ, ಮೇಲೆ ತಲುಪಿದಾಗ ಇದು ನಿಜವೋ ಎಂಬ ಸಂಶಯ ಮೂಡಿದ್ದನ್ನೂ ತನ್ನ ಕೊನೆಗಾಲದ ಒಂದು ಪ್ರವಚನದಲ್ಲಿ ನೆನೆದಿದ್ದಾನೆ. 1520ರಲ್ಲಿ ಜರ್ಮನಿಯ ಅರಸುಮನೆತನಗಳಿಗೆ ಬರೆದ ಗ್ರಂಥದಲ್ಲಿ ರೋಮಿನ ಯಾತ್ರೆಗಳನ್ನು ತಡೆಯಬೇಕೆಂದ. 1530ರ ಆಗ್ಸ್‌ಬರ್ಗ್ ವಿಶ್ವಾಸನಿವೇದನೆ, ಅಂದರೆ ಲೂಥರನ್ ಸಭೆಗಳ ಮೂಲ ನಂಬಿಕೆಪತ್ರ, ಯಾತ್ರೆಗಳನ್ನು ಅನಗತ್ಯವಾದ ಪುಣ್ಯಕಾರ್ಯಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಐಕ್ಯಕ್ಕಾಗಿ ಯಾತ್ರೆ ಹೊರಡೋಣವೆಂಬ ಆಹ್ವಾನದಲ್ಲಿ ಒಂದು ಪಕ್ಷದ ರೂಢಿಗೆ ಇನ್ನೊಂದು ಪಕ್ಷ ಬರಬೇಕೆಂಬ ಕೋರಿಕೆ ಅಡಗಿದೆ. ಆ ಕೋರಿಕೆಯನ್ನು ಒಪ್ಪಿ ನಡೆದ ಲೂಥರನ್ನರ ಔದಾರ್ಯ ದೊಡ್ಡದು. ಕಾಲಿನ ನೋವು ಪುಣ್ಯವಾಗಿ ಜಮೆಯಾಗುತ್ತದೆಂಬ ಎಣಿಕೆಯಿಲ್ಲದೆಯೂ ಯಾತ್ರೆ ಮಾಡಬಹುದೆಂದು ತೋರಿಸಿದ್ದರಿಂದ ಅದು ತತ್ತ್ವದ ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ಆದರೆ ನೀತೀಕರಣದ ಪ್ರಶ್ನೆ 1999ರಲ್ಲಿ ಬಗೆಹರಿದಿದ್ದರಿಂದಲೇ 2010ರ ಲೂಥರನ್ ದಂಪತಿಗೆ ಅಳುಕಿಲ್ಲದೆ ರೋಮಿನ ದಾರಿ ಹಿಡಿಯುವುದು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು: ಮಾತು ಮೊದಲು ದಾರಿಯನ್ನು ತೆರೆಯಿತು, ಕಾಲು ಆಮೇಲೆ ನಡೆಯಿತು.

ನಡೆಯುವವರು ವಾದಿಸಬಾರದು, ವಾದಿಸುವವರು ನಡೆಯಲಾರರು ಎಂಬ ಈ ವಿಭಜನೆ ಕನ್ನಡದ ಅನುಭವಕ್ಕೆ ಒಗ್ಗುವುದೂ ಇಲ್ಲ. ಈ ಜಿಲ್ಲೆಯ ಧಾರ್ಮಿಕ ಇತಿಹಾಸದಲ್ಲಿ ನಡಿಗೆಗೆ ಹೆಸರಾದವರು ತೋಂಟದ ಸಿದ್ಧಲಿಂಗ ಯತಿಗಳು. ಜಂಗಮರ ದೊಡ್ಡ ಸಮೂಹದೊಡನೆ ನಾಡನ್ನು ಸುತ್ತಿ, ಕುಣಿಗಲ್ ಸೀಮೆಯ ಕಗ್ಗೆರೆಯಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ಸಮಾಧಿ ಹೊಂದಿದರೆಂದು ಪರಂಪರೆ ನೆನೆಯುವ ಆ ಯತಿಗಳು ಬರಿಯ ಸಂಚಾರಿಗಳಾಗಿರಲಿಲ್ಲ. 'ಷಟ್‌ಸ್ಥಲ ಜ್ಞಾನಸಾರಾಮೃತ'ದಂಥ ಬಿಗಿಯಾದ ತತ್ತ್ವಗ್ರಂಥ ಅವರದು. ವಚನಗಳ ಸಂಕಲನ ಮತ್ತು ವ್ಯಾಖ್ಯಾನದ ಬಹುದೊಡ್ಡ ಕೆಲಸ ನಡೆದದ್ದು ಅವರ ಬಳಗದಲ್ಲಿ. ಅವರ ಶಿಷ್ಯಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ತುಮಕೂರಿನ ಪಕ್ಕದ ಊರಿನ ಹೆಸರನ್ನು ಹೊತ್ತವರು, ಶೂನ್ಯಸಂಪಾದನೆಯ ಪ್ರಸಿದ್ಧ ಪರಿಷ್ಕರಣೆಯ ಕರ್ತೃ. ಆ ಕೃತಿಯ ಕಥಾನಾಯಕನೇ ನಡೆಯುವವನು. ಅಲ್ಲಮಪ್ರಭು ಊರಿಂದೂರಿಗೆ ನಡೆಯುತ್ತಾನೆ, ಮತ್ತು ಎದುರಾದವರೊಡನೆಲ್ಲ ವಾದಕ್ಕಿಳಿಯುತ್ತಾನೆ. ಸೊನ್ನಲಿಗೆಯಲ್ಲಿ ಕೆರೆ, ಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನೊಡನೆ ಅವನ ಭೇಟಿ ಶುರುವಾಗುವುದು ಕಲ್ಲೇಟಿನ ಜಗಳದಿಂದ. ಅದು ದೀರ್ಘವಾದ, ಯಾವ ಮುಲಾಜೂ ಇಲ್ಲದ ಸಂವಾದವಾಗಿ ಬೆಳೆಯುತ್ತದೆ. ಇಬ್ಬರೂ ಜೊತೆಯಾಗಿ ಕಲ್ಯಾಣದ ದಾರಿ ಹಿಡಿಯುವುದು ಆ ಸಂವಾದ ಒಂದು ನೆಲೆ ಮುಟ್ಟಿದ ಮೇಲೆ. ಕಲ್ಯಾಣವನ್ನು ಸೇರಿದ ಮೇಲೂ ಪ್ರಶ್ನೆ ಮುಗಿಯಲಿಲ್ಲ: ಮೈಮೇಲೆ ಇಷ್ಟಲಿಂಗವಿಲ್ಲದ ಸಿದ್ಧರಾಮನು ಶರಣರ ಕೂಟಕ್ಕೆ ಸಲ್ಲುವನೇ ಎಂಬುದನ್ನು ಕೃತಿಯ ಬೇರೆ ಬೇರೆ ಪರಿಷ್ಕರಣೆಗಳು ಬೇರೆ ಬೇರೆಯಾಗಿ ಬಗೆಹರಿಸಿವೆ. ಜೊತೆಯಲ್ಲಿ ನಡೆದು ಬಂದನೆಂಬ ಒಂದೇ ಕಾರಣಕ್ಕೆ ಆ ಪ್ರಶ್ನೆಯನ್ನು ಬದಿಗಿಡುವುದು ಯಾವ ಸಂಪಾದಕನಿಗೂ ಸರಿಯೆನಿಸಲಿಲ್ಲ. ದೀಕ್ಷೆಯೆಂಬುದು ಅವರಿಗೆ ಅಷ್ಟು ಗಂಭೀರವಾದದ್ದು, ಸಿದ್ಧರಾಮನೂ ಅಷ್ಟು ಗೌರವಾರ್ಹ. ಶೂನ್ಯಸಂಪಾದನೆಯನ್ನು ಓದಿಕೊಂಡ ನಾಡಿಗೆ ಗುರುದೀಕ್ಷೆಯ ತೊಡಕು ಏಕೆ ಹಗುರವಾದದ್ದಲ್ಲವೆಂದು ವಿವರಿಸುವ ಅಗತ್ಯ ಬೀಳದು.

ಒಟ್ಟಿಗೆ ಉಣ್ಣುವುದೇ ಐಕ್ಯವೆಂದು ವಾದಿಸುವವರು ತುಮಕೂರಿನಲ್ಲೇ ಇರುವ ಒಂದು ದೊಡ್ಡ ನಿದರ್ಶನವನ್ನು ತೋರಿಸಬಹುದು. ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ವಿದ್ಯಾರ್ಥಿಗಳು ಜಾತಿಮತಗಳ ವಿಚಾರಣೆಯಿಲ್ಲದೆ ನಿತ್ಯ ಊಟ ಮಾಡುತ್ತಾರೆ; 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಆ ಪದ್ಧತಿಯನ್ನು ದಶಕಗಳ ಕಾಲ ಉಳಿಸಿ ಬೆಳೆಸಿದರು. ದಾಸೋಹದ ಘನತೆ ಇರುವುದು ಅದು ಉಣ್ಣುವವನ ನಂಬಿಕೆಯನ್ನು ಕೇಳದಿರುವುದರಲ್ಲಿ. ಪ್ರಭುಭೋಜನ ನಂಬಿಕೆಯನ್ನು ಕೇಳಿಯೇ ಕೊಡುವಂಥದು. ಅದನ್ನು ಸ್ವೀಕರಿಸುವವನು ತಾನು ಯಾರ ಸಭೆಯವನು, ಯಾರ ಬೋಧನೆಗೆ ಒಳಪಟ್ಟವನು ಎಂಬುದನ್ನು ಆ ಕ್ರಿಯೆಯಲ್ಲೇ ಒಪ್ಪಿಕೊಳ್ಳುತ್ತಾನೆ. ಎರಡೂ ಊಟಗಳೇ ಆದ್ದರಿಂದ ಎರಡೂ ಒಂದೆನ್ನುವುದು ಎರಡಕ್ಕೂ ಅನ್ಯಾಯ.

ಇಲ್ಲಿ ಎದುರಾಗುವ ಆಕ್ಷೇಪಗಳಲ್ಲಿ ಬಲವಾದದ್ದು ಚರಿತ್ರೆಯನ್ನು ಸಾಕ್ಷಿಗೆ ಕರೆಯುವಂಥದು. ದಂಡಿಯ ನಡಿಗೆ ಸಾಮ್ರಾಜ್ಯವನ್ನೇ ಅಲುಗಾಡಿಸಲಿಲ್ಲವೇ, ವಿನೋಬಾ ಭಾವೆಯವರ ಪಾದಯಾತ್ರೆ ಭೂಮಾಲೀಕರ ಮನಸ್ಸನ್ನು ಕರಗಿಸಲಿಲ್ಲವೇ ಎಂದು ಕೇಳಲಾಗುತ್ತದೆ. ಆ ಎರಡೂ ನಡಿಗೆಗಳ ರಚನೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟವರಿಗೆ ದಾರಿಯ ಕೊನೆಯಲ್ಲಿ ಮಾಡಬೇಕಾದ ಕೆಲಸ ಖಚಿತವಾಗಿತ್ತು: ಏಪ್ರಿಲ್ 6ರಂದು ಕಾನೂನು ಮುರಿದು ಉಪ್ಪನ್ನು ಎತ್ತುವುದು. 1951ರಲ್ಲಿ ಪೋಚಂಪಲ್ಲಿಯಿಂದ ಆರಂಭವಾಗಿ, 1957ರಲ್ಲಿ ಮೈಸೂರಿನ ಬಳಿಯ ಯಲವಾಲದ ಗ್ರಾಮದಾನ ಸಮ್ಮೇಳನದವರೆಗೂ ಬಂದ ಭೂದಾನದ ನಡಿಗೆ ಪ್ರತಿ ಊರಿನಲ್ಲೂ ಇಷ್ಟು ಎಕರೆ ಎಂದು ನೆಲವನ್ನು ಬೇಡುತ್ತಿತ್ತು. ಬೇಡಿಕೆ ಸ್ಪಷ್ಟವಿತ್ತು, ಕೊಡಬೇಕಾದವರು ಎದುರಿಗಿದ್ದರು, ಕೊಟ್ಟರೋ ಇಲ್ಲವೋ ಎಂದು ಲೆಕ್ಕ ಹಾಕಬಹುದಿತ್ತು. ಸಭೆಗಳ ಐಕ್ಯಯಾತ್ರೆಗಳು ಸಾಮಾನ್ಯವಾಗಿ ಯಾರಿಂದ ಏನನ್ನೂ ಬೇಡದೆ ಪ್ರಾರ್ಥನೆ ಮತ್ತು ಛಾಯಾಚಿತ್ರಗಳೊಡನೆ ಮುಗಿಯುತ್ತವೆ. ಸಭೆಗಳು ನಿಜವಾಗಿ ಒಂದಾದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1919ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ವಿ.ಎಸ್. ಅಜರಯ್ಯ ಮೊದಲಾದವರು ಸೇರಿ ಹೊರಡಿಸಿದ ಐಕ್ಯದ ಕರೆಗೂ 1947ರ ಸಿ.ಎಸ್.ಐ. ಉದ್ಘಾಟನೆಗೂ ನಡುವೆ 28 ವರ್ಷಗಳ ಸಂಧಾನವಿದೆ; ಬಿಷಪ್ ಪದವಿ ಬೇಡವೆನ್ನುತ್ತಿದ್ದವರೂ ಅದಿಲ್ಲದೆ ಸಭೆಯಿಲ್ಲವೆನ್ನುತ್ತಿದ್ದವರೂ ಒಂದೊಂದು ಹೆಜ್ಜೆ ಹಿಂದೆಮುಂದೆ ಸರಿದು ಒಪ್ಪಿದ ಕರಡುಗಳಿವೆ. 1706ರಲ್ಲಿ ಭಾರತದ ಮೊದಲ ಲೂಥರನ್ ಮಿಶನ್ ಕಾಲಿಟ್ಟದ್ದು ಅದೇ ತರಂಗಂಬಾಡಿಯಲ್ಲಿ. ಆದರೂ ಲೂಥರನ್ ಸಭೆಗಳು 1947ರ ಕೂಟದ ಹೊರಗುಳಿದವು, ಆಮೇಲೆ ನಡೆದ ಸುದೀರ್ಘ ಮಾತುಕತೆಗಳು ಬಹಳಷ್ಟು ಸಮ್ಮತಿಯನ್ನು ತಂದರೂ ಸಂಘಟನೆಯ ಐಕ್ಯವನ್ನು ತರಲಿಲ್ಲ. ಒಂದೇ ಊರಿನ ನೆನಪನ್ನು ಹಂಚಿಕೊಂಡವರಿಗೇ ಐಕ್ಯ ಇಷ್ಟು ಕಷ್ಟವಾದದ್ದು.

ಸಂಧಾನದಿಂದ ಬಂದ ಐಕ್ಯ ಕಾಗದದ್ದು, ಜನರ ಮನಸ್ಸಿಗೆ ಇಳಿಯದ್ದು ಎಂಬ ಮರುಮಾತನ್ನು ತಳ್ಳಿಹಾಕುವಂತಿಲ್ಲ. ಒಂದೇ ಸಂವಿಧಾನ, ಒಂದೇ ಬಿಷಪರಿರುವ ಕಡೆಯೂ ಜಾತಿ ಮತ್ತು ಭಾಷೆಯ ಒಡಕುಗಳು ಉಳಿಯುತ್ತವೆ. ಪೋಪ್ ಒಬ್ಬರೇ, ಬೋಧನೆ ಒಂದೇ ಆದ ಬೆಂಗಳೂರಿನ ಕಥೋಲಿಕ ಸಭೆಯಲ್ಲಿ ಆರಾಧನೆಯ ಭಾಷೆಯ ಸಲುವಾಗಿ ಕನ್ನಡ, ತಮಿಳು, ಕೊಂಕಣಿ ಭಾಷಿಕರ ನಡುವೆ ದಶಕಗಳ ತಿಕ್ಕಾಟ ನಡೆದಿದೆ; ದಲಿತ ಕ್ರೈಸ್ತರ ಅಳಲು ಎರಡೂ ಸಭೆಗಳಿಗೆ ಸಮಾನ. ಆದರೆ ಈ ಮಾತು ಸಂಧಾನದ ಐಕ್ಯ ಸಾಲದೆಂದು ಸಾಧಿಸುತ್ತದೆಯೇ ಹೊರತು ಅದು ಬೇಡವೆಂದು ಸಾಧಿಸುವುದಿಲ್ಲ. ಇದರಿಂದ ಯಾತ್ರೆಯ ಪಕ್ಷಕ್ಕೆ ಒಂದು ಕಟು ಪ್ರಶ್ನೆಯೂ ಏಳುತ್ತದೆ: ಸಹಯಾತ್ರೆಯ ಮುಖ್ಯ ಫಲ ಸೌಹಾರ್ದವಾದರೆ, ಪರದೇಶದ ಐನೂರು ವರ್ಷಗಳ ಒಡಕಿಗಿಂತ ಮೊದಲು, ಒಂದೇ ಧರ್ಮಕೇಂದ್ರದೊಳಗಿನ ಎರಡು ಜಾತಿಗಳ, ಎರಡು ಭಾಷೆಗಳ ಜನ ಜೊತೆಯಾಗಿ ನಡೆಯುವುದು ಹೆಚ್ಚು ತುರ್ತಿನದಲ್ಲವೇ? ಇನ್ನೊಂದು ಆಕ್ಷೇಪ ಸಂಖ್ಯೆಯದು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87 ಮಾತ್ರ; ಇಷ್ಟು ಸಣ್ಣ ಸಮುದಾಯ ತನ್ನೊಳಗಿನ ಭೇದಗಳನ್ನು ಎಣಿಸುತ್ತ ಕೂರುವುದು ಸಲ್ಲದೆಂಬುದು. ಆದರೆ ಹೊರಗಿನ ಒತ್ತಡದಿಂದ ಹುಟ್ಟುವುದು ಮೈತ್ರಿ, ಐಕ್ಯವಲ್ಲ. ಒತ್ತಡ ಸರಿದಾಗ ಅದೂ ಸರಿಯುತ್ತದೆ. ನಡಿಗೆಯೇ ಪ್ರಾರ್ಥನೆ, ಪ್ರಾರ್ಥನೆಗೆ ಫಲದ ಲೆಕ್ಕ ಕೇಳಬಾರದು ಎನ್ನುವವರೂ ಇದ್ದಾರೆ. ಅವರ ಮಾತು ಸರಿ, ಅವರೊಡನೆ ವಿವಾದವಿಲ್ಲ. ಪ್ರಾರ್ಥನೆಯೆಂದು ಹೊರಟ ಯಾತ್ರೆ ಐಕ್ಯವನ್ನು ಸಾಧಿಸಿದೆನೆಂದು ಹೇಳಿಕೊಂಡಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಇಷ್ಟಾದ ಮೇಲೂ ಯಾತ್ರೆಗೆ ಬೇರೆ ಯಾವುದೂ ಮಾಡಲಾರದ ಒಂದು ಕೆಲಸ ಉಳಿಯುತ್ತದೆ. ಎರಡು ಸಭೆಗಳ ಜನ ತಂತಮ್ಮ ಭಾನುವಾರಗಳನ್ನು ತಂತಮ್ಮ ದೇವಾಲಯಗಳಲ್ಲಿ ಕಳೆಯುವವರೆಗೆ ಒಡಕು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರನ್ನೂ ನೋಯಿಸುವುದಿಲ್ಲ. ದಾರಿಯುದ್ದಕ್ಕೂ ಜೊತೆಗಿದ್ದು ಪೀಠದ ಮುಂದೆ ಬೇರೆಯಾಗಬೇಕಾದವರಿಗೆ ಅದು ಗಾಯವೆಂದು ಮೊದಲ ಬಾರಿಗೆ ತಿಳಿಯುತ್ತದೆ. ಇಂಥ ಗಾಯದೊಡನೆ ನಿತ್ಯ ಬಾಳುವವರು ತುಮಕೂರಿನಂಥ ಊರುಗಳಲ್ಲಿ ಈಗಾಗಲೇ ಇದ್ದಾರೆ: ಗಂಡ ಕಥೋಲಿಕ, ಹೆಂಡತಿ ಸಿ.ಎಸ್.ಐ. ಆದ ಮನೆಗಳವರು. ಇಂಥ ಮದುವೆಗೆ ಕಥೋಲಿಕ ಬಿಷಪರ ವಿಶೇಷ ಅನುಮತಿ ಬೇಕು. ಮಕ್ಕಳಿಗೆ ಕಥೋಲಿಕ ಸಭೆಯಲ್ಲೇ ಸ್ನಾನದೀಕ್ಷೆ ಕೊಡಿಸಲು ತನ್ನಿಂದಾದುದನ್ನೆಲ್ಲ ಮಾಡುವೆನೆಂದು ಕಥೋಲಿಕ ಸಂಗಾತಿ ಮಾತು ಕೊಡಬೇಕು. ಮದುವೆಯಾದ ಮೇಲೂ ಸಾಮಾನ್ಯವಾಗಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಸಂಸ್ಕಾರ ಪಡೆಯುವಂತಿಲ್ಲ. 2016ರ ಅಕ್ಟೋಬರ್ 31ರಂದು ಸ್ವೀಡನ್ನಿನ ಲುಂಡ್ ನಗರದಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಲೂಥರನ್ ವಿಶ್ವ ಒಕ್ಕೂಟದ ಅಧ್ಯಕ್ಷರಾಗಿದ್ದ ಬಿಷಪ್ ಮುನೀಬ್ ಯೂನಾನ್ ಸಹಿ ಹಾಕಿದ ಹೇಳಿಕೆ, ಬಾಳನ್ನೆಲ್ಲ ಹಂಚಿಕೊಂಡೂ ಆ ಪೀಠವನ್ನು ಹಂಚಿಕೊಳ್ಳಲಾಗದವರ ನೋವನ್ನು ಹೆಸರಿಸಿ ಒಪ್ಪಿಕೊಂಡಿದೆ. ಐಕ್ಯಯಾತ್ರೆಯ ಮುಂದಾಳುತನ ವಹಿಸಬೇಕಾದವರು ಈ ಮನೆಗಳವರು. ಪಾದ್ರಿಗಳೂ ಗುರುಗಳೂ ಅವರ ಹಿಂದೆ ನಡೆಯಲಿ.

ಹಾಗೆ ಹೊರಟ ಯಾತ್ರೆ ಗುಬ್ಬಿಯಲ್ಲಿ ಮುಗಿಯುವಾಗ ಕೈಯಲ್ಲಿ ಒಂದು ಬೇಡಿಕೆಪತ್ರವಿರಬೇಕು, ಅದನ್ನು ಸ್ವೀಕರಿಸಲು ಎರಡು ಸಭೆಗಳ ಅಧಿಕಾರಸ್ಥರು ಅಲ್ಲಿ ಹಾಜರಿರಬೇಕು. ರೋಮಿನ ಅಪ್ಪಣೆಗೆ ಕಾಯದೆ ಇಲ್ಲಿಯೇ ಆಗಬಹುದಾದದ್ದು ಬಹಳಷ್ಟಿದೆ. ತ್ರಿಯೇಕ ದೇವರ ಹೆಸರಿನಲ್ಲಿ ನೀರಿನಿಂದ ಕೊಟ್ಟ ಪ್ರೊಟೆಸ್ಟೆಂಟ್ ದೀಕ್ಷಾಸ್ನಾನವನ್ನು ಕಥೋಲಿಕ ಸಭೆ ಸಿಂಧುವೆಂದೇ ಒಪ್ಪುತ್ತದೆ. ಹಾಗಿರುವಾಗ ಎರಡು ಸಭೆಗಳೂ ಸೇರಿ ಸಮಾನವಾದೊಂದು ದೀಕ್ಷಾಪತ್ರವನ್ನು ಕೊಡುವುದಕ್ಕೆ ತತ್ತ್ವದ ಅಡ್ಡಿಯಿಲ್ಲ. ಮಿಶ್ರವಿವಾಹಕ್ಕೆ ಸಿದ್ಧರಾಗುವ ಜೋಡಿಗಳಿಗೆ ಗುರುಗಳೂ ಸಭಾಪಾಲಕರೂ ಒಟ್ಟಿಗೆ ಬೋಧನೆ ಕೊಡಬಹುದು. ಸಮಾಧಿಭೂಮಿಯಲ್ಲಿ ಗಂಡಹೆಂಡಿರನ್ನು ಎರಡು ಕಡೆ ಮಲಗಿಸದಂತೆ ಏರ್ಪಾಡು ಮಾಡಬಹುದು. ಗುರುದೀಕ್ಷೆ ಮತ್ತು ಪರಮಪ್ರಸಾದದ ಪ್ರಶ್ನೆಯನ್ನು ಬಗೆಹರಿಸುವುದು ತುಮಕೂರಿನ ಕೈಯಲ್ಲಿಲ್ಲ, ಆದರೆ ಅದು ತಮ್ಮ ಮನೆಗಳೊಳಗೆ ಏನು ಮಾಡುತ್ತಿದೆಯೆಂದು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಿಗೂ ಸಿ.ಎಸ್.ಐ. ಬಿಷಪರಿಗೂ ಬರೆದು ತಿಳಿಸುವುದು ಇಲ್ಲಿನವರ ಕೈಯಲ್ಲೇ ಇದೆ. ಯಾತ್ರೆಯನ್ನು ಅನಗತ್ಯಗಳ ಸಾಲಿಗೆ ಸೇರಿಸಿದ ಆ ಆಗ್ಸ್‌ಬರ್ಗ್ ವಿಶ್ವಾಸನಿವೇದನೆಗೆ 2030ರ ಜೂನ್ 25ರಂದು ಐನೂರು ವರ್ಷ ತುಂಬುತ್ತದೆ, ಅದನ್ನು ಕಥೋಲಿಕರೂ ಲೂಥರನ್ನರೂ ಒಟ್ಟಿಗೆ ಕುಳಿತು ಓದುವ ಕೆಲಸ ಈಗಾಗಲೇ ಶುರುವಾಗಿದೆ. ಕುಣಿಗಲ್ಲಿನಿಂದ ಗುಬ್ಬಿಯವರೆಗಿನ ಎರಡು ಸಭೆಗಳ ಭಕ್ತರು ಆ ದಿನಕ್ಕೆ ಮುಂಚೆ ಒಮ್ಮೆ ಒಟ್ಟಿಗೆ ಕುಳಿತು ತಮ್ಮ ಬೇಡಿಕೆಪತ್ರವನ್ನು ಬರೆಯಲಿ, ಆಮೇಲೆ ನಡೆಯಲಿ.